ಅವ್ವನ ಹವಾ ಬದಲಾವಣೆ

ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಒಲೆಯ ಮುಂದೆ ಕುಸಿದ ದಿನ ಅಪ್ಪ ಕಚೇರಿಯಿಂದ ಹೊತ್ತಿಗೆ ಮುಂಚೆ ಮನೆಗೆ ಬಂದ. ಹಾಗೆ ಬಂದದ್ದು ಅವನ ನೌಕರಿಯಲ್ಲೇ ಮೊದಲ ಸಲವಂತೆ. ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಅವನು ಹೆಡ್ ಕ್ಲಾರ್ಕ್. ನನಗಾಗ ಹತ್ತು ವರ್ಷ, ನಾಲ್ಕು ಮಕ್ಕಳಲ್ಲಿ ಹಿರಿಯಳು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ಅದಕ್ಕೆ ಆರು ತಿಂಗಳ ಹಿಂದೆ ಅವ್ವನಿಗೊಂದು ಕೂಸು ಹುಟ್ಟಿ, ಹನ್ನೊಂದೇ ದಿನಕ್ಕೆ ಹೋಗಿಬಿಟ್ಟಿತ್ತು. ಬಾಣಂತನವೂ ಇಲ್ಲ, ದುಃಖಕ್ಕೆ ಪುರಸತ್ತೂ ಇಲ್ಲ, ಹದಿನೈದನೇ ದಿನ ಅವ್ವ ಒಲೆಯ ಮುಂದಿದ್ದಳು. ನೋಡಲು ಬಂದ ಡಾಕ್ಟರು ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಅಪ್ಪನನ್ನು ಪಡಸಾಲೆಗೆ ಕರೆದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

"ಆಕಿಗೆ ಔಷಧಕ್ಕಿಂತ ವಿಶ್ರಾಂತಿ ಬೇಕ್ರಿ. ವಾರಕ್ಕ ಎರಡು ದಿವಸರೆ ಒಲಿ ಮುಂದಿಂದ ಎಬ್ಬಿಸ್ರಿ, ಛಲೋ ಹವಾದಾಗ ಇಡ್ರಿ. ಹಿಂಗ ನಡದ್ರ ಆಕಿ ಮುಂದಿನ ಮಳಿಗಾಲ ಕಾಣೂದಿಲ್ಲ."

ಅಂದಿನಿಂದ ನನಗೆ ಅವ್ವ ಕೂತರೂ ಭಯ, ಎದ್ದರೂ ಭಯ. ಸಾಲಿಯಿಂದ ಓಡುತ್ತ ಬಂದು ಮೊದಲು ಅಡಿಗೆಮನೆಗೆ ಇಣುಕುತ್ತಿದ್ದೆ. ರೊಟ್ಟಿ ಬಡಿಯುವ ಸಪ್ಪಳ ನಿಂತರೆ ನನ್ನ ಎದೆಯೂ ನಿಂತಂತಾಗುತ್ತಿತ್ತು.

ಅಪ್ಪ ಕೆಟ್ಟವನಲ್ಲ. ತೊಂದರೆಯಾದದ್ದೇ ಅದರಿಂದ. ಕೆಟ್ಟವನಾಗಿದ್ದರೆ ಏನೂ ಮಾಡದೆ ಸುಮ್ಮನಿರುತ್ತಿದ್ದ. ಅವನ ಸಾಹೇಬ ಪ್ರತಿ ಶನಿವಾರ ಮಧ್ಯಾಹ್ನ ಮೇಜಿಗೆ ಬೀಗ ಹಾಕಿ, ಮಡದಿಯನ್ನೂ ನಾಯಿಯನ್ನೂ ಮೀನಿನ ಗಾಳವನ್ನೂ ಕರೆದುಕೊಂಡು ಯಾವುದಾದರೊಂದು ಕೆರೆಗೆ ಹೋಗಿ, ಸೋಮವಾರ ಟೊಮ್ಯಾಟೋ ಹಣ್ಣಿನಂತೆ ಕೆಂಪಗಾಗಿ ಬರುತ್ತಿದ್ದ. ಇಂಗ್ಲಿಷರು ದೇಶ ಆಳುವುದು ಈ ಶನಿವಾರದ ಬಲದಿಂದಲೇ ಎಂದು ಅಪ್ಪ ನಂಬಿದ್ದ. ಧಾರವಾಡದಾಚೆ ಕೆಲಗೇರಿಯ ಕೆರೆಯ ಹತ್ತಿರ ಅವನ ಗೆಳೆಯನದೊಂದು ಹಂಚಿನ ಮನೆ ಖಾಲಿ ಇತ್ತು. ಪ್ರತಿ ಶನಿವಾರ, ಭಾನುವಾರ ಅವ್ವನಿಗೆ ಕೆಲಗೇರಿಯಲ್ಲಿ ಹವಾ ಬದಲಾವಣೆ ಎಂದು ನಿಶ್ಚಯವಾಯಿತು.

ಆದರೆ ಅವ್ವನನ್ನು ಕಳಿಸುವುದು ಹೇಗೆ? ಅಜ್ಜಿ ತಕರಾರು ತೆಗೆದಳು. "ಸೊಸಿ ಒಬ್ಬಾಕಿನ್ನ ಕಳಿಸಿದ್ರ ಮಂದಿ ಏನಂತಾರ? ಗಂಡ ಬಿಟ್ಟಾನ ಅಂತಾರ." ಹಾಗಾಗಿ ಅಪ್ಪ ಹೋಗಲೇಬೇಕಾಯಿತು. ಅವ್ವ ಅಪ್ಪ ಇಬ್ಬರೂ ಹೋದರೆ ಮಕ್ಕಳನ್ನು ನೋಡುವವರು ಯಾರು? ಮಕ್ಕಳೂ ಹೊರಟರು. ಮನೆಯಲ್ಲಿ ಅಜ್ಜಿ ಒಬ್ಬಳೇ ಹೇಗಿರುತ್ತಾಳೆ? ಅಜ್ಜಿಯೂ ಹೊರಟಳು. ಅಜ್ಜಿಗೆ ಮೊಣಕಾಲು ನೋವು, ರೈಲು ಹತ್ತಿಸಲು ಗಟ್ಟಿಮುಟ್ಟಾದ ಗಂಡಸು ಬೇಕು ಎಂದು ಅಪ್ಪನ ತಮ್ಮ, ನಮ್ಮ ಕಾಕಾ, ಹೊರಟ. ಮೆಟ್ರಿಕ್ ಮುಗಿಸಿ ಎರಡು ವರ್ಷದಿಂದ ನೌಕರಿ ಹುಡುಕುತ್ತಿದ್ದ ಕಾಕಾ ಮನೆಯಲ್ಲೇ ಯಾವಾಗಲೂ ವಿಶ್ರಾಂತಿಯಲ್ಲಿದ್ದವನು. ಅವನಿಗೂ ಹವಾ ಬದಲಾಯಿಸಿದ ಹಾಗಾಯಿತು. ಹೀಗೆ ಅವ್ವನಿಗೆ ಒಲೆಯಿಂದ ಬಿಡುವು ಕೊಡಿಸಲು ಎಂಟು ಮಂದಿ ಹೊರಟೆವು. ಎಂಟೂ ಮಂದಿಗೆ ಹೊಟ್ಟೆ ಇತ್ತು.

ಶುಕ್ರವಾರವೇ ಗಂಟು ಕಟ್ಟುವುದು ಶುರು. ಜೋಳದ ಹಿಟ್ಟು, ಅಕ್ಕಿ, ಬೇಳೆ, ರೊಟ್ಟಿಯ ಹಂಚು, ಚಾದ ಸಾಮಾನು, ಅಜ್ಜಿಯ ಪೂಜೆಯ ಪೆಟ್ಟಿಗೆ, ತಮ್ಮಂದಿರಿಗೆ ಈಜು ಕಲಿಸಲೆಂದು ಕಾಕಾ ಒಣಗಿಸಿಟ್ಟ ಎರಡು ಸೋರೆಬುರುಡೆ. ಇವೆಲ್ಲವನ್ನೂ ಅವ್ವನೇ ಕಟ್ಟುತ್ತಿದ್ದಳು, ಯಾಕೆಂದರೆ ಯಾವುದು ಎಲ್ಲಿದೆ ಎಂದು ಅವಳಿಗಷ್ಟೇ ಗೊತ್ತಿತ್ತು. ಅವ್ವನಿಗೆಂದೇ ಅಪ್ಪ ಒಂದು ಆರಾಮ ಕುರ್ಚಿಯನ್ನು ಹಮಾಲನ ತಲೆಯ ಮೇಲೆ ಹೊರಿಸಿ, ಧಾರವಾಡ ಸ್ಟೇಶನ್ನಿನಿಂದ ಬೇರೆ ಟಾಂಗಾ ಮಾಡಿ ಒಯ್ದ. ಕೆಲಗೇರಿಯಲ್ಲಿ ಅದನ್ನು ಕೆರೆಯ ಕಡೆ ಮುಖ ಮಾಡಿ ಇಟ್ಟರು. ಅದರಲ್ಲಿ ಕಾಕಾ ಮಲಗಿದ.

ಅಪ್ಪನಿಗೆ ಯಾವುದನ್ನಾದರೂ ಬರೆದು ಗೋಡೆಗೆ ಅಂಟಿಸದಿದ್ದರೆ ಅದು ನಡೆಯುತ್ತದೆ ಎಂಬ ನಂಬಿಕೆ ಇರಲಿಲ್ಲ. ಹಂಚಿನ ಮನೆಯ ಗೋಡೆಯ ಮೇಲೆ ಅವನ ದುಂಡಗಿನ ಅಕ್ಷರದಲ್ಲಿ ಕಾರ್ಯಕ್ರಮ ಬಂತು. ಮುಂಜಾನೆ ಆರಕ್ಕೆ ಎಲ್ಲರೂ ಕೆರೆಯ ಏರಿಯ ಮೇಲೆ ಅಡ್ಡಾಡುವುದು. ಏಳಕ್ಕೆ ಮಕ್ಕಳ ಈಜು. ಎಂಟಕ್ಕೆ ನಾಷ್ಟಾ. ಸಂಜೆ ಐದರಿಂದ ಐದೂವರೆ ಸೃಷ್ಟಿಸೌಂದರ್ಯ ನೋಡುವುದು. ಆರರಿಂದ ಏಳು, ಕೆಂಪು ಶಾಯಿಯಲ್ಲಿ, ಮನೆಯವರ ವಿಶ್ರಾಂತಿ. ಮನೆಯವರು ಅಂದರೆ ಅವ್ವ. ಅವಳ ಹೆಸರನ್ನು ಅಪ್ಪ ಕಾಗದದ ಮೇಲೂ ಹೇಳುತ್ತಿರಲಿಲ್ಲ. ಆರರಿಂದ ಏಳು ಅವ್ವ ಹಸಿ ಕಟ್ಟಿಗೆ ಊದುತ್ತ ರಾತ್ರಿಯ ಅಡಿಗೆ ಮಾಡುತ್ತಿದ್ದಳು. ಅಪ್ಪ ಗಡಿಯಾರ ಹಿಡಿದು ಬಾಗಿಲಿಗೆ ಬಂದು, ವಿಶ್ರಾಂತಿಯ ಹೊತ್ತು ಆರಂಭವಾಯಿತು ಎಂದು ತಿಳಿಸಿ ಹೋಗುತ್ತಿದ್ದ.

ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ಆದರೆ ಧಾರವಾಡದಲ್ಲಿ ನಮ್ಮ ಅತ್ತೆ, ಅಪ್ಪನ ತಂಗಿ, ಇದ್ದಳು. ಜಡ್ಡಾದವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆ ಧರ್ಮ. ಮಾತಾಡಿಸಲು ಬಂದವರನ್ನು ಉಣಿಸದೆ ಕಳಿಸದಿರುವುದು ಅದಕ್ಕಿಂತ ದೊಡ್ಡ ಧರ್ಮ. ಈ ಎರಡು ಧರ್ಮಗಳ ನಡುವೆ ಜಡ್ಡಾದವರು ಸಿಕ್ಕಿಕೊಂಡರೆ ದೇವರೇ ಗತಿ. ಮೊದಲ ಭಾನುವಾರ ಅತ್ತೆ ಐದು ಮಂದಿಯೊಂದಿಗೆ ಬಂದಳು. ಎರಡನೇ ಭಾನುವಾರ ಅತ್ತೆಯ ನೆಗೆಣ್ಣಿಯ ಮನೆಯವರೂ ಬಂದರು. ಎಲ್ಲರೂ ಅವ್ವನನ್ನು ನೋಡಿ ಎಷ್ಟು ಸೊರಗೀದಿ ಎಂದು ಮರುಗಿದರು, ಅತ್ತರು ಕೂಡ, ಆಮೇಲೆ ಎಣ್ಣೆಗಾಯಿ ಇನ್ನಷ್ಟು ಹಾಕಿಸಿಕೊಂಡರು. ಅವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಇಲ್ಲಿ ಬಂದ ಮೇಲೆ ಆರಾಮ ಎಂದು ಎಲ್ಲರಿಗೂ ಹೇಳಿದಳು. ನನಗೆ ಸಿಟ್ಟು ಬಂದು ಒಂದು ಪಾತ್ರೆಯನ್ನು ಬೇಕೆಂದೇ ಬೀಳಿಸಿದೆ. ಅದನ್ನೂ ಅವ್ವನೇ ಎತ್ತಿದಳು.

ಕೆರೆ ಚಂದವಿತ್ತು, ಸುಳ್ಳು ಹೇಳಬಾರದು. ಮುಂಜಾನೆ ನೀರಿನ ಮೇಲೆ ಬೆಳ್ಳಕ್ಕಿ ಇಳಿಯುತ್ತಿದ್ದವು, ಆಚೆ ದಂಡೆಯಲ್ಲಿ ಎಮ್ಮೆಗಳು ಮೂಗಷ್ಟೇ ಮೇಲಿಟ್ಟು ತೇಲುತ್ತಿದ್ದವು. ಅವಕ್ಕಿದ್ದ ಆರಾಮ ಅವ್ವನಿಗಿರಲಿಲ್ಲ. ಮೂರು ವಾರಗಳಲ್ಲಿ ಅವ್ವ ಕೆರೆಯನ್ನು ನೋಡಿದ್ದು ಪಾತ್ರೆ ತೊಳೆಯಲು ಹೋದಾಗ ಮಾತ್ರ. ಅವಳ ಕಣ್ಣಿನ ಸುತ್ತ ಕಪ್ಪು ಹೆಚ್ಚಿತು. ಆದರೆ ಅಜ್ಜಿಯ ಮೊಣಕಾಲು ಸುಧಾರಿಸಿತು, ಕಾಕಾ ಮೈ ತುಂಬಿಕೊಂಡ, ಅಪ್ಪ ಸಾಹೇಬನಷ್ಟು ಅಲ್ಲದಿದ್ದರೂ ತಕ್ಕಮಟ್ಟಿಗೆ ಕೆಂಪಗಾದ.

ಮೂರನೇ ಭಾನುವಾರ ಏರಿಯ ಕಲ್ಲಿನ ಮೇಲಿಂದ ಜಾರಿ ನನ್ನ ಕಾಲು ಉಳುಕಿತು. ಮುಂದಿನ ಶನಿವಾರದ ಹೊತ್ತಿಗೂ ಬಾವು ಇಳಿದಿರಲಿಲ್ಲ. ನನ್ನನ್ನು ಟಾಂಗಾ ಹತ್ತಿಸುವಂತಿರಲಿಲ್ಲ, ಒಬ್ಬಳನ್ನೇ ಬಿಡುವಂತೆಯೂ ಇರಲಿಲ್ಲ. ಅವ್ವ ತಾನು ಉಳಿಯುತ್ತೇನೆ ಎಂದಳು. ಅಪ್ಪನಿಗೆ ಧರ್ಮಸಂಕಟ. ನಡುವೆ ಒಂದು ವಾರ ತಪ್ಪಿಸಿದರೆ ಇಷ್ಟು ದಿನದ ಚಿಕಿತ್ಸೆ ನೀರಿಗೆ ಹೋಗುತ್ತದಲ್ಲ! ಅತ್ತೆಯ ಕಡೆಯವರು ಬರುವವರಿದ್ದರು, ಗೆಳೆಯ ಮನೆಯನ್ನು ಗುಡಿಸಿಡಲು ಹೇಳಿ ಕಳಿಸಿದ್ದ. ಬಹಳ ಹೊತ್ತು ಶತಪಥ ಹಾಕಿ, ಕಾರ್ಯಕ್ರಮ ನಿಲ್ಲಿಸುವುದು ಬೇಡ ಎಂದು ತೀರ್ಮಾನಿಸಿದ. ಮದುವೆಯ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರು ಅನ್ನುತ್ತಾರೆ. ನಮ್ಮಲ್ಲಿ ರೋಗಿಯನ್ನು ಹುಬ್ಬಳ್ಳಿಯಲ್ಲಿ ಬಿಟ್ಟು ಚಿಕಿತ್ಸೆ ಧಾರವಾಡಕ್ಕೆ ಹೋಯಿತು. ಅವ್ವ ಒಣರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಟ್ಟಳು. ಆರಾಮ ಕುರ್ಚಿಯೂ ಹೋಯಿತು.

ಓಣಿಯ ತಿರುವಿನಲ್ಲಿ ಟಾಂಗಾದ ಸಪ್ಪಳ ಅಡಗಿತು. ಅವ್ವ ಅಡಿಗೆಮನೆಗೆ ಹೋದಳು, ಅಭ್ಯಾಸ ಬಲ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ನಾನು ಹೊರಗಿನಿಂದ ನೋಡುತ್ತಲೇ ಇದ್ದೆ. ಆಮೇಲೆ ಅವಳು ಒಲೆಗೆ ಬೆನ್ನು ತಿರುಗಿಸಿ ಬಂದು, ಪಡಸಾಲೆಯ ನಟ್ಟನಡುವೆ, ಅಜ್ಜಿಯ ಜಾಗದಲ್ಲಿ, ಬರಿ ನೆಲದ ಮೇಲೆ ಕಾಲು ಚಾಚಿ ಮಲಗಿದಳು. ಹಾಡಹಗಲು ಅವ್ವ ಮಲಗಿದ್ದನ್ನು ನಾನು ಅದಕ್ಕೆ ಮುಂಚೆ ಕಂಡೇ ಇರಲಿಲ್ಲ. ಹೆದರಿ ಕುಂಟುತ್ತ ಹೋಗಿ ಮೂಗಿನ ಹತ್ತಿರ ಕೈ ಹಿಡಿದೆ. "ಉಸರಾಡಾಕತ್ತೀನಿ ಬೇ, ಸುಮ್ನ ಬೀಳು," ಅಂದಳು ಅವ್ವ, ಕಣ್ಣು ತೆರೆಯದೆ.

ಸಂಜೆ ಒಣರೊಟ್ಟಿಯನ್ನು ಮೊಸರಿನಲ್ಲಿ ಮುರಿದು ಹಾಕಿ ಒಂದೇ ಬೋಗುಣಿಯಲ್ಲಿ ಇಬ್ಬರೂ ತಿಂದೆವು. ಅದೇ ಹೊತ್ತಿಗೆ ಬಾಗಿಲು ಬಡಿದ ಸಪ್ಪಳವಾಯಿತು. ಪಕ್ಕದ ಮನೆಯ ಕಾಕು. ಅಪ್ಪನ ಸಹೋದ್ಯೋಗಿಯ ಹೆಂಡತಿ, ಐದು ಮಕ್ಕಳ ತಾಯಿ, ಒಳ್ಳೆಯ ಹೆಂಗಸು. ಒಳಗೆ ಬಂದರೆ ಚಾ, ಚಾದೊಂದಿಗೆ ಉಪ್ಪಿಟ್ಟು, ಉಪ್ಪಿಟ್ಟಿಗೆ ಒಲೆ. ಅವ್ವ ನನ್ನ ಮುಖ ನೋಡಿದಳು. ನಮಗೆ ಹುಸಿಯ ನುಡಿಯಬೇಡವೆಂಬ ವಚನ ಕಲಿಸಿದವಳು ಅವಳೇ. ಬಾಗಿಲ ಹಿಂದೆ ಗೋಡೆಗೆ ಅಂಟಿ ನಿಂತು, ಅವ್ವ ಕೆಲಗೇರಿಗೆ ಹೋಗಿದ್ದಾಳೆಂದು ಹೇಳು ಎಂದು ಕಿವಿಯಲ್ಲಿ ಹೇಳಿದಳು.

ನಾನು ಒಂದು ಕದ ತೆರೆದು ಹೇಳಿದೆ. ನಿನ್ನೊಬ್ಬಳನ್ನೇ ಬಿಟ್ಟು ಹೋದರೇ ಎಂದು ಕಾಕು ಕೇಳಿದಳು. ಕಾಕಾ ಇದ್ದಾನೆ, ಒಳಗೆ ಮಲಗಿದ್ದಾನೆ ಎಂದೆ. ಅದು ನನ್ನ ಸ್ವಂತದ್ದು, ಅವ್ವ ಹೇಳಿಕೊಟ್ಟದ್ದಲ್ಲ. ಹರೆಯದ ಗಂಡಸೊಬ್ಬನೇ ಇರುವ ಮನೆಗೆ ಕಾಕು ಕಾಲಿಡುವುದುಂಟೆ? ಸೆರಗು ಸರಿ ಮಾಡಿಕೊಂಡು ಹಿಂದಕ್ಕೆ ಹೋದಳು.

ಕದ ಮುಚ್ಚಿ ತಿರುಗಿದರೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನೆಲಕ್ಕೆ ಕುಸಿಯುತ್ತಿದ್ದಳು. ಕುಂಟುತ್ತ ಹೋಗಿ ತೋಳು ಹಿಡಿದೆ. ಆಮೇಲೆ ತಿಳಿಯಿತು, ಅವಳು ನಗುತ್ತಿದ್ದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆ ನೀರು ನಿಲ್ಲಲಿಲ್ಲ, ಅಳುವಾಯಿತು. ಹನ್ನೊಂದು ದಿನದ ಕೂಸಿಗಾಗಿ ಅವ್ವ ಅತ್ತದ್ದನ್ನು ನಾನು ನೋಡಿದ್ದು ಅಂದೇ. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಸಾಕಾಗುವಷ್ಟು ಅತ್ತಳು, ಯಾರೂ ಮಾತಾಡಿಸಲು ಬರಲಿಲ್ಲ. ಆಮೇಲೆ ಭಾನುವಾರ ಬಿಸಿಲು ಏರುವವರೆಗೂ ನಿದ್ದೆ ಮಾಡಿದಳು.

ಭಾನುವಾರ ಸಂಜೆ ಟಾಂಗಾ ಬಂದು ನಿಂತಾಗ ಕಾಕು ಕಟ್ಟೆಯ ಮೇಲೆಯೇ ಇದ್ದಳು. ಅಕ್ಕಾರಿಗೆ, ಅಂದರೆ ಅವ್ವನಿಗೆ, ಕೆಲಗೇರಿಯಲ್ಲಿ ಆರಾಮವೇ ಎಂದು ಅಪ್ಪನನ್ನು ಕೇಳಿದಳು. ಟಾಂಗಾದಲ್ಲಿ ಅಕ್ಕಾರು ಇರಲಿಲ್ಲ, ಕಾಕಾ ಇದ್ದ. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಅಪ್ಪ ಒಮ್ಮೆ ನನ್ನನ್ನು ನೋಡಿದ. ಹೆಂಡತಿಯ ಚಿಕಿತ್ಸೆಗೆ ಹೆಂಡತಿಯನ್ನೇ ಬಿಟ್ಟು ಹೋಗಿದ್ದೆ ಎಂದು ಹೆಡ್ ಕ್ಲಾರ್ಕ್ ಆದವನು ಓಣಿಯಲ್ಲಿ ಒಪ್ಪಿಕೊಳ್ಳಲಾದೀತೆ? ಭಾಳ ಆರಾಮ, ಮುಂಜಾನೆ ರೈಲಿಗೇ ಮುಂದೆ ಕಳಿಸಿದೆವು, ಬೇಕಾದರೆ ಒಳಗೆ ಬಂದು ನೋಡಿರಿ ಎಂದ. ಕಾಕಾ ಇವರನ್ನು ಎದುರುಗೊಳ್ಳಲು ಸ್ಟೇಶನ್ನಿಗೆ ಹೋಗಿದ್ದನೆಂದು ಕಾಕು ತಾನೇ ಅಂದುಕೊಂಡು, ಒಳಗೆ ಬಂದು ನೋಡಿದಳು. ಅವ್ವನ ಮುಖದಲ್ಲಿ ನಿಜಕ್ಕೂ ಕಳೆ ಇತ್ತು.

ಮುಂದಿನ ಶುಕ್ರವಾರ ಅಪ್ಪ ನನ್ನನ್ನು ಹತ್ತಿರ ಕರೆದ. ನಾನು ಬೆಳಿಗ್ಗೆಯಷ್ಟೇ ಅಂಗಳದಲ್ಲಿ ಕುಂಟಾಪಿಲ್ಲೆ ಆಡಿದ್ದನ್ನು ಅವನು ನೋಡಿದ್ದ.

"ಕಾಲು ಇನ್ನೂ ನೋಯಾಕತ್ತೈತಿ, ಹೌದಲ್ಲ?" ಎಂದ.

ಅವನು ನನ್ನ ಮುಖವನ್ನು ನೋಡಲಿಲ್ಲ. ನಾನು ಹೌದು ಎಂದೆ. ಅಪ್ಪ ನಿಟ್ಟುಸಿರು ಬಿಟ್ಟು, ಹಾಗಾದರೆ ನೀವಿಬ್ಬರೂ ಉಳಿಯಿರಿ ಎಂದ. ಅಪ್ಪನ ಮೇಲೆ ನನಗೆ ಆ ಕ್ಷಣ ಬಂದ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ. ನನ್ನ ಕಾಲು ಮೂರು ತಿಂಗಳು ವಾಸಿಯಾಗಲಿಲ್ಲ.

ಅವ್ವನಿಗೆ ಮೈಯಲ್ಲಿ ರಕ್ತ ಬಂತು. ಡಾಕ್ಟರು ಮತ್ತೆ ನಾಡಿ ಹಿಡಿದು ಬೆರಗಾದರು. ಅಪ್ಪ ಅವರಿಗೆ ಕೆಲಗೇರಿಯ ಗಾಳಿಯ ಗುಣವನ್ನು ಅರ್ಧ ತಾಸು ಬಣ್ಣಿಸಿದ, ಕಚೇರಿಯಲ್ಲಿಯೂ ಬಣ್ಣಿಸಿದ. ಸುದ್ದಿ ಓಣಿಯೆಲ್ಲ ಹಬ್ಬಿತು. ಪುಣ್ಯವಂತರಾದ ಗಂಡಂದಿರು ಒಬ್ಬೊಬ್ಬರಾಗಿ ತಮ್ಮ ಸೊರಗಿದ ಹೆಂಡಂದಿರನ್ನು ಕೆಲಗೇರಿಗೆ ಕರೆದೊಯ್ಯತೊಡಗಿದರು. ತಾಯಂದಿರು, ಮಕ್ಕಳು, ತಮ್ಮಂದಿರು, ಹಂಚು, ಹಿಟ್ಟು, ಎಲ್ಲ ಕಟ್ಟಿಕೊಂಡು ಹೋದರು. ಪಕ್ಕದ ಮನೆಯ ಕಾಕು ಒಂಬತ್ತು ಮಂದಿಯ ಜೊತೆ ಹೋಗಿ, ಸೋಮವಾರ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹೊಗೆಗೆ ಕಣ್ಣು ಕೆಂಪಾಗಿದ್ದವು. ಅದೇ ಕೆರೆ, ಅದೇ ಹವಾ, ನಿಮಗಷ್ಟೇ ಹೇಗೆ ಗುಣವಾಯಿತು ಎಂದು ಕೇಳುತ್ತ ಅತ್ತೇಬಿಟ್ಟಳು. ಅವ್ವ ಅಡಿಗೆಮನೆಯ ಬಾಗಿಲು ಮುಂದೆ ಎಳೆದುಕೊಂಡು ಅವಳೊಂದಿಗೆ ಬಹಳ ಹೊತ್ತು ಮಾತಾಡಿದಳು. ಏನೆಂದು ನನಗೆ ಕೇಳಿಸಲಿಲ್ಲ.

ಆ ಶನಿವಾರ ನಮ್ಮ ಓಣಿಯಿಂದ ಟಾಂಗಾಗಳು ಹೋದ ಮೇಲೆ ಅವ್ವ ಎಂದಿನಂತೆ ಪಡಸಾಲೆಯಲ್ಲಿ ಮಲಗಿದ್ದಳು. ಬಾಗಿಲು ಬಡಿದ ಸಪ್ಪಳವಾಯಿತು. ನಾನು ಒಂದು ಕದ ತೆರೆದೆ. ಬಗಲಲ್ಲಿ ದಿಂಬು ಇಟ್ಟುಕೊಂಡು ಕಾಕು ನಿಂತಿದ್ದಳು. ಅವ್ವ ಇಲ್ಲ, ಕೆಲಗೇರಿಗೆ ಹೋಗಿದ್ದಾಳೆ ಎಂದು ನಾನು ಶುರು ಮಾಡಿದೆ.

"ಒಳಗ ಬಿಡು ಬೇ," ಎಂದಳು ಅವ್ವ ಮಲಗಿದಲ್ಲಿಂದಲೇ. "ಅವರೂ ಕೆಲಗೇರಿಗೇ ಹೋಗ್ಯಾರ."