ಎಂಟು ಬಣ್ಣ, ಒಂದೇ ಎಳೆ

ಕೊಣ್ಣೂರಿನ ಗೊಮ್ಮಟೇಶ ಬೆಳಿಗ್ಗೆ ಎದ್ದವನೇ ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಿದ್ದ. ಆಮೇಲೆ ಬಟ್ಟೆಯನ್ನು ತಿರುವಿ, ಅದಕ್ಕೆ ಅಂಟಿರಬಹುದಾದ ಸೂಕ್ಷ್ಮ ಜೀವಗಳನ್ನು ಅದೇ ಬಾವಿಗೆ ತೊಳೆದು ಬಿಡುತ್ತಿದ್ದ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವನಲ್ಲ.

ಅವನ ಕೆಲಸ ಗಾಜಿನ ಎಳೆ ಬೆಸೆಯುವುದು. ತೊಂಬತ್ತೆಂಟರಲ್ಲಿ ಮೂಡಲಗಿಯಿಂದ ಗೋಕಾಕ ಹಾದು ಹುಕ್ಕೇರಿಯವರೆಗೆ ನೆಲದೊಳಗೆ ಟೆಲಿಫೋನ್ ಕೇಬಲ್ಲು ಬಂತು. ಅದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳು. ಜನರ ಮಾತು ಬೆಳಕಾಗಿ ಅವುಗಳಲ್ಲಿ ಓಡುತ್ತಿತ್ತು. ಕೇಬಲ್ಲು ಹಾಕಿದ ಕಂಪನಿಯಲ್ಲಿ ಗೊಮ್ಮಟೇಶ ದಿನಗೂಲಿಯವ. ಗುಂಡಿ ತೋಡುವುದೂ ಅವನೇ, ಎಳೆಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮಷೀನಿನಲ್ಲಿಟ್ಟು ಬೆಸೆಯುವುದೂ ಅವನೇ. ಕತ್ತರಿಸಿದ ಚೂರುಗಳು ಇರುವೆಗೆ ಚುಚ್ಚಿಯಾವೆಂದು ಒಂದೊಂದನ್ನೂ ಡಬ್ಬಿಗೆ ಹಾಕುತ್ತಿದ್ದ.

ವರ್ಷದಲ್ಲಿ ಇನ್ನೂರ ನಲವತ್ತು ದಿನ ದುಡಿದವನನ್ನು ಕಂಪನಿ ಕಾಯಂ ಮಾಡುತ್ತಿತ್ತು. ಗೊಮ್ಮಟೇಶನಿಗೆ ಅಷ್ಟು ದಿನ ಎಂದೂ ತುಂಬಲಿಲ್ಲ. ಮಳೆಗಾಲದಲ್ಲಿ ಮಣ್ಣೆಲ್ಲ ಜೀವ. ಚಾತುರ್ಮಾಸದ ನಾಲ್ಕು ತಿಂಗಳು ನೆಲ ಅಗೆಯುವುದಿಲ್ಲವೆಂದು ಅವನು ಮುನಿಗಳ ಮುಂದೆ ವ್ರತ ಹಿಡಿದಿದ್ದ. ಜೊತೆಗೆ ಗುಂಡಿ ತೋಡುವ ಸತ್ತೆಪ್ಪ ಕಾಡಿಸುತ್ತಿದ್ದ.

"ನೀವು ಎರಿಹುಳಾ ಕಾಯ್ಕೋಂತ ಕುಂದರ್ರಿ. ನಾಳೆ ಅವು ಬಂದು ನಿಮಗ ನೌಕರಿ ಕೊಡ್ತಾವು."

ಸತ್ತೆಪ್ಪ ಎರಡನೇ ವರ್ಷಕ್ಕೇ ಕಾಯಂ ಆದ.

ಎರಡು ಸಾವಿರದ ನಾಲ್ಕರಲ್ಲಿ ಗೊಮ್ಮಟೇಶನಿಗೆ ಮೂವತ್ತೊಂಬತ್ತು ತುಂಬಿತು. ನಲವತ್ತು ದಾಟಿದವರನ್ನು ಕಾಯಂ ಮಾಡುತ್ತಿರಲಿಲ್ಲ. ಆ ವರ್ಷವೇ ಹಳೆಯ ಕೇಬಲ್ಲಿನಲ್ಲಿ ಜಾಗ ಸಾಲದೆ, ಅದರ ಪಕ್ಕಕ್ಕೆ ಇನ್ನೊಂದು ಹಾಕುವುದೆಂದು ಗೊತ್ತಾಯಿತು. ರವಿವಾರವೂ ಕೆಲಸವಿದೆ ಎಂದರು ಇಂಜಿನಿಯರ್ ವೀರಪ್ಪ. ದೀಪಾವಳಿಯಿಂದ, ಚಾತುರ್ಮಾಸ ಹಿಡಿಯುವ ಆಷಾಢದ ಚತುರ್ದಶಿಯವರೆಗೆ ಒಂದು ದಿನವೂ ಬಿಡದೆ ದುಡಿದರೆ ಲೆಕ್ಕ ತುಂಬುತ್ತಿತ್ತು, ವ್ರತವೂ ಉಳಿಯುತ್ತಿತ್ತು. ಹೆಂಡತಿ ತಾರಾಬಾಯಿ ಬಸದಿಗೆ ಹೋಗಿ ಅಕ್ಷತೆ ಇಟ್ಟು, ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತು ಬಂದಳು.

ತೊಂಬತ್ತು ದಿನ ಹಾಗೆ ದುಡಿದ. ಮಾಘದಲ್ಲಿ, ಹುಕ್ಕೇರಿಯಲ್ಲಿ ಕೇಬಲ್ಲು ಬಂದು ಮುಗಿಯುವ ಕೋಣೆಗೆ ಒಂದು ಪೆಟ್ಟಿಗೆ ಬಂತು. ಇಷ್ಟು ದಿನ ಒಂದು ಎಳೆಗೆ ಒಂದೇ ಲೇಸರಿನ ಬೆಳಕು. ಈ ಪೆಟ್ಟಿಗೆಯೊಳಗೆ ಉಗುರಿನಷ್ಟು ಗಾಜಿನ ಚಿಪ್ಪಿತ್ತು. ಎಂಟು ಲೇಸರುಗಳ ಎಂಟು ಬಣ್ಣದ ಬೆಳಕು ಅದರಲ್ಲಿ ಕೂಡಿ ಒಂದೇ ಎಳೆಯಲ್ಲಿ ಹೋಗುತ್ತದೆ, ಮೂಡಲಗಿಯಲ್ಲಿ ಅಂಥದೇ ಇನ್ನೊಂದು ಚಿಪ್ಪು ಅವನ್ನು ಬೇರೆ ಮಾಡುತ್ತದೆ ಎಂದು ವೀರಪ್ಪ ತಿಳಿಸಿ ಹೇಳಿದರು.

"ಬಣ್ಣ ಕಣ್ಣಿಗಿ ಕಾಣಂಗಿಲ್ಲ. ಆದ್ರ ಒಂದು ಇನ್ನೊಂದಕ್ಕ ತ್ರಾಸ ಕೊಡಂಗಿಲ್ಲ ನೋಡು."

"ಹಂಗಾರ ಎರಡನೇ ಕೇಬಲ್ರಿ?"

"ಇನ್ನ ಅದು ಬೇಕಾಗಂಗಿಲ್ಲ."

ಪೆಟ್ಟಿಗೆಯ ಎಳೆಯನ್ನು ಹಳೆಯ ಕೇಬಲ್ಲಿಗೆ ಬೆಸೆಯಲು ಗೊಮ್ಮಟೇಶನೇ ಬೇಕಾಯಿತು. ಅವನಷ್ಟು ನಿಧಾನದ ಕೈ ಬೇರೆ ಯಾರದೂ ಇರಲಿಲ್ಲ. ಬೆಳಕು ಎಷ್ಟು ಸೋರಿತೆಂದು ತೋರಿಸುವ ಮಷೀನು ಸೊನ್ನೆ ತೋರಿಸಿತು. ಮೂಡಲಗಿಯಿಂದ ಎಂಟೂ ಬಂದವೆಂದು ಫೋನು ಬಂತು. ಹೊರಗೆ ಗುಂಡಿ ತೋಡುತ್ತಿದ್ದವರಿಗೆ ನಾಳೆಯಿಂದ ಬರಬೇಡಿರೆಂದು ಹೇಳಿ ಕಳಿಸಿದರು.

ವೀರಪ್ಪ ಗೊಮ್ಮಟೇಶನೊಬ್ಬನನ್ನು ಒಳಗೆ ಕೂರಿಸಿಕೊಂಡರು. ಅವರಿಗೂ ಮನಸ್ಸಿಗೆ ಬೇಸರವಾಗಿತ್ತು.

"ಆಷಾಢದ ತನಕ ನಿನ್ನ ಹಾಜರಿ ನಾ ಹಾಕ್ತೇನಿ. ನೀ ಮನ್ಯಾಗ ಇರು. ಕಾಯಂ ಆಗಲಿ, ಮುಂದ ನೋಡೂಣು."

ಗೊಮ್ಮಟೇಶ ಗಾಜಿನ ಚೂರುಗಳ ಡಬ್ಬಿಗೆ ಮುಚ್ಚಳ ಹಾಕಿದ.

"ಬ್ಯಾಡ್ರಿ ಸಾಹೇಬ್ರ," ಎಂದ. "ತೋಡದ ಗುಂಡೀನ ತೋಡೇನಿ ಅನ್ನಾಕ ಆಗಂಗಿಲ್ಲ. ನನ್ನ ಹಾಜರಿ ಇವತ್ತಿಗೇ ನಿಲ್ಲಸ್ರಿ."