ತಿಮ್ಮೇಶಪ್ಪ ಮೇಷ್ಟ್ರ ಸಾಧಕರು

ಸೊರಬದ ತಿಮ್ಮೇಶಪ್ಪ ಮೇಷ್ಟ್ರು ತಮ್ಮ ಸಣ್ಣ ವಿಶ್ವವಿದ್ಯಾಲಯದ ಪತ್ರಿಕೆಗೆ ಹಳೆಯ ವಿದ್ಯಾರ್ಥಿಗಳ ಸಾಧನೆ ಬರೆಯುವವರು. ಬೆಳಗಾದರೆ ಒಬ್ಬೊಬ್ಬರಿಗೂ ಫೋನ್ ಮಾಡಿ, "ಏನ್ರೀ ವಿಶೇಷ?" ಎನ್ನುತ್ತಾರೆ. ಜೆರಾಕ್ಸ್ ಅಂಗಡಿ ಇಟ್ಟವನು ಅವರ ಬರಹದಲ್ಲಿ ಯುವ ಉದ್ಯಮಿ, ಮದುವೆಯಲ್ಲಿ ಹಾಡಿದವಳು ಖ್ಯಾತ ಗಾಯಕಿ. ಏನೂ ಇಲ್ಲ ಎಂದವರನ್ನು ಗದರಿಸಿ ಏನಾದರೊಂದು ಹೇಳಿಸಿಯೇ ಬಿಡುತ್ತಾರೆ. ಈ ಸಲ ಈಸೂರಿನ ಮಾಲತೇಶನಿಗೆ ಮಾಡಿದ ಫೋನನ್ನು ಅವನ ತಾಯಿ ಹಾಲಮ್ಮ ಎತ್ತಿದರು. "ಅವ್ನು ಹೋಗಿ ವರ್ಷಾತ್ರೀ. ಎಂ.ಎ. ಮಾಡಿದ್ರೂ ಕೆಲ್ಸ ಸಿಗ್ಲಿಲ್ಲ ಅಂತ ಜೀವ ಕಳ್ಕಂಡ. ಅವನ ಹೆಸ್ರೂ ಒಂದ್ಸಲ ಹಾಕ್ರಿ." ಮೇಷ್ಟ್ರು "ಹಾಕ್ತೀನಮ್ಮ" ಎಂದರು. ಆದರೆ ಹೆಸರಿನ ಮುಂದೆ ಏನು ಬರೆಯಬೇಕೆಂದು ಎಷ್ಟು ಹೊತ್ತು ಕೂತರೂ ಹೊಳೆಯಲಿಲ್ಲ. "ಮಾಲತೇಶ, ಎಂ.ಎ., ಈಸೂರು" ಎಂದಷ್ಟೇ ಅಚ್ಚಾಯಿತು. ಓದಿದವರು ಫೋನ್ ಮಾಡಿ, "ಸರ್, ಮುಂದಿನ ಸಾಲು ಬಿಟ್ಟುಹೋಗಿದೆ ನೋಡ್ರಿ" ಎಂದು ತಿಳಿಸಿದರು.