ಮುಖ ನೋಡಿದ ಪಾರಿವಾಳ

ನಮ್ಮ ಮನೆಯ ಜೋಡಿ ಲವ್‌ಬರ್ಡ್‌ಗಳಲ್ಲಿ ಗಂಡು ಇಂದು ಬೆಳಿಗ್ಗೆ ಸತ್ತಿದೆ. ಮೊದಲು ನೋಡಿ ಹೇಳಿದವಳು ಮಗಳು. ಅವಳ ಅಂಗೈಯಲ್ಲಿದ್ದ ಹಕ್ಕಿಯನ್ನು ಕಂಡಾಗ ನನ್ನ ಬಾಲ್ಯದಲ್ಲಿ ಬಾಗೂರಿನ ಮನೆಯಲ್ಲಿ ಸಾಕಿದ್ದ ಜೋಡಿ ಪಾರಿವಾಳಗಳು ನೆನಪಾದವು.

ಅಲ್ಲಿಯೂ ಮೊದಲು ಸತ್ತದ್ದು ಗಂಡೇ. ಮಕ್ಕಳು ಅಳುತ್ತಾರೆಂದು ಅಪ್ಪ ನಾವು ಏಳುವ ಮೊದಲೇ ಅದನ್ನು ಹಿತ್ತಲಲ್ಲಿ ಹೂತಿದ್ದ. ಹೆಣ್ಣು ಪಾರಿವಾಳ ಗೂಡಿನಿಂದ ಸೂರಿಗೆ, ಸೂರಿನಿಂದ ಗೂಡಿಗೆ ಹಾರಿ ಹುಡುಕುತ್ತಲೇ ಇತ್ತು. ಮಧ್ಯಾಹ್ನವಾದರೂ ನವಣೆ ಮುಟ್ಟಲಿಲ್ಲ.

ಅಜ್ಜಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. "ಲೇ, ಮುಖ ತೋರಿಸ್ದೇ ಮಣ್ಣು ಮಾಡಿದ್ಯಾ? ಅದಿನ್ನೂ ದಾರಿ ಕಾಯ್ತಾ ಐತೆ."

"ಹಕ್ಕಿಗೇನು ಗೊತ್ತಾಗುತ್ತವ್ವ?"

"ನಿಂಗೇ ಗೊತ್ತಾಗ್ಲಿಲ್ಲ, ಹಕ್ಕಿ ಮಾತು ಬಿಡು. ತಗೊಂಡು ಬಾ."

ಅಪ್ಪ ಮಣ್ಣು ಕೆದರಿ ತಂದು, ಹಳೆಯ ಕಂಬಳಿ ತುಂಡಿನ ಮೇಲೆ ಇಟ್ಟ. ಹೆಣ್ಣು ಕೆಳಗಿಳಿದು ಬಂತು. ಸುತ್ತು ಹಾಕಿತು, ಕೊಕ್ಕಿನಿಂದ ಕತ್ತಿನ ಗರಿ ಸರಿಪಡಿಸಿತು, ಬಹಳ ಹೊತ್ತು ಪಕ್ಕದಲ್ಲೇ ಕುಳಿತಿತ್ತು. ಆಮೇಲೆ ತಾನಾಗಿಯೇ ಎದ್ದು ಗೂಡಿಗೆ ಹೋಯಿತು. ಸಂಜೆ ಅಜ್ಜಿಯ ಅಂಗೈಯಿಂದ ನವಣೆ ತಿಂದಿತು. ಕಾರಣ ಹಸಿವೋ, ಸಮಾಧಾನವೋ ನಾನು ಹೇಳಲಾರೆ. ತಿಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಂದು, ಹೂಳಲೆಂದು ಮಗಳು ಸುತ್ತಿದ್ದ ಬಟ್ಟೆ ಬಿಚ್ಚಿಸಿ ಸತ್ತ ಹಕ್ಕಿಯನ್ನು ಪಂಜರದೊಳಗೆ ಇಟ್ಟಿದ್ದೇನೆ. ಜೊತೆಗಾತಿ ಈಗ ಅದರ ಪಕ್ಕ ಕುಳಿತಿದೆ. ಹೆಣ್ಣು ತಾನಾಗಿಯೇ ಎದ್ದ ಮೇಲೆ ಮಣ್ಣು ಮಾಡುತ್ತೇವೆ.